ಬೂವನಹಳ್ಳಿಯಿಂದ ದೇವನಹಳ್ಳಿಗೆ

ಹಾಸನದ ಹೊರವಲಯದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣವಾಗಬೇಕೆಂಬ ಮಾತು ದಶಕಗಳಿಂದ ಎದ್ದು ಮಲಗುತ್ತಲೇ ಬಂದಿದೆ. ಅಲ್ಲಿಂದ ಬೆಂಗಳೂರಿನ ನಿಲ್ದಾಣವಿರುವ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 175 ಕಿ.ಮೀ. ಗಂಟೆಗೆ 500 ಕಿ.ಮೀ. ವೇಗದ ಎಟಿಆರ್ ವಿಮಾನಕ್ಕೆ ಇದು 21 ನಿಮಿಷದ ಹಾದಿ; ಏರುವ, ಇಳಿಯುವ ಹೊತ್ತು ಸೇರಿದರೂ ಮುಕ್ಕಾಲು ಗಂಟೆ. ಲೆಕ್ಕ ಸರಿ, ಆದರೆ ಪ್ರಯಾಣಿಕನದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯವರಿಗೆ ಬೆಂಗಳೂರು ಮೂಡಲಿಗೆ, ಬೂವನಹಳ್ಳಿ ಪಡುವಲಿಗೆ. ವಿಮಾನ ಹತ್ತಲು ಅವರು ಬೆಂಗಳೂರಿಗೆ ಬೆನ್ನು ಮಾಡಿ ಹೊರಡಬೇಕು, ಹತ್ತಿದ ಮೇಲೆ ತಮ್ಮೂರಿನ ಹತ್ತಿರದ ಆಕಾಶದಲ್ಲೇ ಹಿಂದಿರುಗಬೇಕು. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಅಲ್ಲಿನ ಲಕ್ಷ್ಮೀನರಸಿಂಹ ಗುಡಿಯನ್ನು ನೋಡಲು ರಾಜಧಾನಿಯಿಂದ ಬರುವವರೂ ಗುಡಿಯನ್ನು ದಾಟಿ ಹೋಗಿಯೇ ಇಳಿಯಬೇಕು.

ನಿಲ್ದಾಣದಿಂದ ನಿಲ್ದಾಣಕ್ಕಿರುವ ದೂರವಲ್ಲ, ಮನೆಯಿಂದ ನಿಲ್ದಾಣಕ್ಕಿರುವ ದೂರವೇ ಕಿರುಮಾರ್ಗಗಳ ಹಣೆಬರಹ ಬರೆದಿದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಬೆಂಗಳೂರಿನಿಂದ ವಿಮಾನ ಹಾರಿಸಿದ್ದು ಹುಬ್ಬಳ್ಳಿಗೆ. ರಸ್ತೆಯಲ್ಲಿ ಅದು 400 ಕಿ.ಮೀ. ಆಸುಪಾಸು. ಆಗ ಹತ್ತುವ ಜಾಗ ಊರೊಳಗಿನ ಎಚ್‌ಎಎಲ್ ನಿಲ್ದಾಣ. 2008ರ ಮೇ 24ರಂದು ವಿಮಾನಗಳು ದೇವನಹಳ್ಳಿಗೆ ಹೋದವು. ದೂರದ ದೆಹಲಿಗೆ ಹೋಗುವವರಿಗೆ ಇದು ಬರೀ ಕಿರಿಕಿರಿ. ಹತ್ತಿರದ ಊರಿನವರಿಗೆ ಹಾಗಲ್ಲ: ನಗರದ ನಡುವಿನಿಂದ ಅಲ್ಲಿಗೆ ಸುಮಾರು 35 ಕಿ.ಮೀ., ತಪಾಸಣೆಗೆ ಒಂದು ಗಂಟೆ ಮೊದಲೇ ಹಾಜರಿ. ಮುಕ್ಕಾಲು ಗಂಟೆಯ ಹಾರಾಟದ ಲಾಭವನ್ನೆಲ್ಲ ಅದೇ ನುಂಗಿತು. 2010ರ ಅಕ್ಟೋಬರ್‌ನಲ್ಲಿ ಶುರುವಾದ ಕಿಂಗ್‌ಫಿಷರ್‌ನ ಮೈಸೂರು–ಬೆಂಗಳೂರು ಹಾರಾಟ ಮರುವರ್ಷವೇ ನಿಂತಿತು. ಅದು ಆ ಕಂಪನಿಯ ಹಣದ ಮುಗ್ಗಟ್ಟು ಎನ್ನಬಹುದು, ಅದರಲ್ಲಿ ಹುರುಳೂ ಇದೆ. ಆದರೆ ಆಮೇಲೆ ಬಂದ ಸಂಸ್ಥೆಗಳೂ ಆ ಮಾರ್ಗದಲ್ಲಿ ಬಹುಕಾಲ ನೆಲೆ ನಿಲ್ಲಲಿಲ್ಲ. ಈ ಮಧ್ಯೆ ಹಾಸನದ ದಾರಿಯೇ ಕುಗ್ಗಿತು. ಮೊದಲು ಅರಸೀಕೆರೆ ಸುತ್ತಿ ಹೋಗುತ್ತಿದ್ದ ರೈಲು, 1996ರಲ್ಲಿ ಶಂಕುಸ್ಥಾಪನೆಯಾದ ಶ್ರವಣಬೆಳಗೊಳ–ಕುಣಿಗಲ್ ಮಾರ್ಗದಲ್ಲಿ 2017ರಿಂದ ನೇರ ಓಡುತ್ತಿದೆ. ಇಪ್ಪತ್ತು ವರ್ಷ ತಗುಲಿದ ಕೆಲಸ, ಆದರೂ ನುಗ್ಗೇಹಳ್ಳಿಯವರಿಗೆ ಈಗ ರೈಲು ಚನ್ನರಾಯಪಟ್ಟಣದಲ್ಲೇ ಸಿಗುತ್ತದೆ.

ಶಿವಮೊಗ್ಗವನ್ನು ಎದುರಿಗಿಡುವವರಿದ್ದಾರೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆ, ಆಗಸ್ಟ್ 31ರಿಂದ ಬೆಂಗಳೂರಿನ ವಿಮಾನ, ಹಾಸನಕ್ಕೆ ಯಾಕಾಗದು? ಶಿವಮೊಗ್ಗ ರಸ್ತೆಯಲ್ಲಿ 300 ಕಿ.ಮೀ., ಐದಾರು ಗಂಟೆಯ ಹಾದಿ. ಹಾಸನ 185 ಕಿ.ಮೀ., ಹೆಚ್ಚೆಂದರೆ ನಾಲ್ಕು ಗಂಟೆ. 1951ರಿಂದ ಇರುವ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೂ ಇದೇ ಮಾತು: ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ರಸ್ತೆ ಕಟ್ಟಿದಾಗ ಮಂಗಳೂರಿನವರು ಆಕಾಶ ನೋಡುವುದರಲ್ಲಿ ಅರ್ಥವಿದೆ. ಚನ್ನರಾಯಪಟ್ಟಣದ ಬಯಲಿಗೆ ಘಾಟಿಯೇ ಇಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದುದು: ಬೂವನಹಳ್ಳಿ ಬೇಕಿರುವುದು ಬೆಂಗಳೂರಿಗಲ್ಲ, ಮುಂಬೈಗೆ. ನೇರ ಗೆರೆಯಲ್ಲಿ ಅದು ಸುಮಾರು 760 ಕಿ.ಮೀ.; ಅಲ್ಲಿ ವಿಮಾನ ಉಳಿಸುವ ಹೊತ್ತು ನಿಜವಾದದ್ದು. ಮೈಸೂರಿನಲ್ಲೂ ಚೆನ್ನೈ, ಹೈದರಾಬಾದ್ ಹಾರಾಟಗಳೇ ಬೆಂಗಳೂರಿನದಕ್ಕಿಂತ ಹೆಚ್ಚು ಬೇರು ಬಿಟ್ಟವು. ಹಾಗಿದ್ದರೆ ನಿಲ್ದಾಣದ ಪರ ವಾದಿಸುವವರು 21 ನಿಮಿಷದ ಲೆಕ್ಕ ಬಿಟ್ಟು, ಎಟಿಆರ್‌ನ 70ರಷ್ಟು ಸೀಟುಗಳಿಗೆ ದಿನವೂ ಮುಂಬೈ ಪ್ರಯಾಣಿಕರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಎಷ್ಟು ಜನ ಸಿಗುತ್ತಾರೆ ಎಂಬ ಲೆಕ್ಕ ಕೊಡಬೇಕು.