ಕಾಲರ್ (ಇಂಗ್ಲಿಷ್ ಪದ)

ಕಾಲರ್ (ಕಾಗುಣಿತ: ಸಿ-ಎಚ್-ಒ-ಎಲ್-ಇ-ಆರ್) ಎಂಬುದು ಕೋಪ, ಮುಂಗೋಪ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ. ಇದರ ಮೂಲಾರ್ಥ ಪಿತ್ತ ಅಥವಾ ಪಿತ್ತರಸ. ಇಂದಿನ ಆಡುಮಾತಿನಲ್ಲಿ ಇದು ಬಳಕೆಯಲ್ಲಿಲ್ಲ. ಇದರಿಂದ ಹುಟ್ಟಿದ, ಮುಂಗೋಪಿಯನ್ನು ಸೂಚಿಸುವ 'ಕಾಲರಿಕ್' ಎಂಬ ಗುಣವಾಚಕ ಮಾತ್ರ ಬರವಣಿಗೆಯಲ್ಲಿ ಉಳಿದಿದೆ.

ಪದಮೂಲ

ಗ್ರೀಕ್ ಭಾಷೆಯಲ್ಲಿ 'ಖೊಲೆ' ಎಂದರೆ ಪಿತ್ತ. ಇದರಿಂದ ಬಂದ 'ಖೊಲೆರಾ' ಎಂಬ ಪದ ಲ್ಯಾಟಿನ್ ಮತ್ತು ಹಳೆಯ ಫ್ರೆಂಚ್ ಮೂಲಕ 14ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಆಗ ಅದು ದೇಹದ ದ್ರವವನ್ನೇ ಸೂಚಿಸುತ್ತಿತ್ತು. ಕೋಪ ಎಂಬ ಅರ್ಥ 16ನೆಯ ಶತಮಾನದಲ್ಲಿ ನೆಲೆಗೊಂಡಿತು. ಪಿತ್ತವನ್ನೇ ಸೂಚಿಸುವ ಇಂಗ್ಲಿಷಿನ 'ಗಾಲ್', ಹಳದಿ ಎಂಬರ್ಥದ 'ಯೆಲ್ಲೊ' ಮತ್ತು ಸಂಸ್ಕೃತದ 'ಹರಿ' (ಹಳದಿ, ಹಸಿರು) ಪದಗಳೂ ಇದೇ ಇಂಡೋ-ಯುರೋಪಿಯನ್ ಧಾತುವಿಗೆ ಸೇರಿದವು.

ವೈದ್ಯಕೀಯ ಹಿನ್ನೆಲೆ

ಹಿಪೊಕ್ರೆಟಿಸನ ಪರಂಪರೆಯಲ್ಲಿ ಬೆಳೆದು, 2ನೆಯ ಶತಮಾನದ ವೈದ್ಯ ಗೇಲನ್‌ನಿಂದ ವ್ಯವಸ್ಥಿತ ರೂಪ ಪಡೆದ ಸಿದ್ಧಾಂತದ ಪ್ರಕಾರ ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳಿವೆ. ಹಳದಿ ಪಿತ್ತವು ಉಷ್ಣ ಮತ್ತು ಶುಷ್ಕ ಗುಣದ್ದು. ಅದು ಹೆಚ್ಚಾದವನು ಬೇಗ ಸಿಟ್ಟಿಗೇಳುವನೆಂದು ನಂಬಲಾಗಿತ್ತು. ಹೀಗೆ ಕೋಪವು ಮನಸ್ಸಿನ ದೋಷ ಮಾತ್ರವಾಗಿರದೆ ಆಹಾರ, ಔಷಧಗಳಿಂದ ತಗ್ಗಿಸಬಹುದಾದ ದೇಹಸ್ಥಿತಿಯೂ ಆಗಿತ್ತು. ಆಧುನಿಕ ವೈದ್ಯವಿಜ್ಞಾನ ಈ ಸಿದ್ಧಾಂತವನ್ನು ಕೈಬಿಟ್ಟಿದೆ.

ಸಾಹಿತ್ಯದಲ್ಲಿ

ಚಾಸರ್‌ನ 'ಕ್ಯಾಂಟರ್ಬರಿ ಟೇಲ್ಸ್' ಕೃತಿಯ ರೀವ್ ತೆಳ್ಳನೆಯ, ಪಿತ್ತಪ್ರಕೃತಿಯ ಮನುಷ್ಯ. ಶೇಕ್ಸ್‌ಪಿಯರ್‌ನ 'ರೋಮಿಯೊ ಅಂಡ್ ಜೂಲಿಯೆಟ್' ನಾಟಕದ ಆರಂಭದಲ್ಲಿ ಸೇವಕರು ಈ ಪದವನ್ನೂ ಕೊರಳಪಟ್ಟಿಯ 'ಕಾಲರ್' ಪದವನ್ನೂ ಬೆರೆಸಿ ಶ್ಲೇಷೆಯಾಡುತ್ತಾರೆ. 'ದ ಟೇಮಿಂಗ್ ಆಫ್ ದ ಶ್ರೂ' ನಾಟಕದಲ್ಲಿ ಪೆಟ್ರೂಕಿಯೊ, ಸೀದ ಮಾಂಸ ಪಿತ್ತವನ್ನು ಕೆರಳಿಸುವುದೆಂದು ಹೇಳಿ ಹಸಿದ ಹೆಂಡತಿಗೆ ಊಟ ತಪ್ಪಿಸುತ್ತಾನೆ. ಪದದ ವೈದ್ಯಕೀಯ ಅರ್ಥ ತಿಳಿಯದಿದ್ದರೆ, ಚಿಕಿತ್ಸೆಯ ಹೆಸರಿನಲ್ಲಿ ನಡೆಯುವ ಈ ದಬ್ಬಾಳಿಕೆ ಓದುಗರಿಗೆ ಸ್ಪಷ್ಟವಾಗದು.

ಸಂಬಂಧಿತ ಪದಗಳು

* ಕಾಲರಾ: ಮೊದಲು ವಾಂತಿಭೇದಿಗೆ ಇದ್ದ ಹೆಸರು, 19ನೆಯ ಶತಮಾನದಲ್ಲಿ ಭಾರತದಿಂದ ಹರಡಿದ ಸಾಂಕ್ರಾಮಿಕ ರೋಗಕ್ಕೆ ನಿಂತಿತು.
* ಮೆಲಂಕಲಿ: ವಿಷಾದ, ಮೂಲಾರ್ಥ ಕಪ್ಪು ಪಿತ್ತ.
* ಕೊಲೆಸ್ಟರಾಲ್: ಮೊದಲು ಪಿತ್ತಕೋಶದ ಕಲ್ಲುಗಳಲ್ಲಿ ಕಂಡುಬಂದ ವಸ್ತು, ಗ್ರೀಕಿನ ಪಿತ್ತ ಮತ್ತು ಘನ ಎಂಬ ಪದಗಳಿಂದ ರಚಿತ ಹೆಸರು.
* ಕೊಲೇರ್: ಫ್ರೆಂಚ್‌ನಲ್ಲಿ ಇಂದಿಗೂ ಕೋಪಕ್ಕೆ ಇರುವ ಸಾಮಾನ್ಯ ಪದ.

ಕನ್ನಡದಲ್ಲಿ ಹೋಲಿಕೆ

ಆಯುರ್ವೇದವು ವಾತ, ಪಿತ್ತ, ಕಫ ಎಂಬ ಮೂರು ದೋಷಗಳನ್ನು ಹೇಳುತ್ತದೆ. ಪಿತ್ತಪ್ರಕೃತಿಯವರು ಕೋಪಿಷ್ಠರೆಂಬ ಎಣಿಕೆ ಅಲ್ಲಿಯೂ ಇದೆ. ಮಿತಿಮೀರಿ ಸಿಟ್ಟಾದವರನ್ನು ಕುರಿತು ಕನ್ನಡದಲ್ಲಿ 'ಪಿತ್ತ ನೆತ್ತಿಗೇರಿದೆ' ಎನ್ನುವುದುಂಟು. ಇಂಗ್ಲಿಷಿನಲ್ಲಿ ಮರೆಯಾದ ಪಿತ್ತ-ಕೋಪಗಳ ನಂಟು ಈ ನುಡಿಗಟ್ಟಿನಲ್ಲಿ ಇನ್ನೂ ಬಳಕೆಯಲ್ಲಿದೆ.