ತರ್ಕಪಂಡಿತರು ನಿಲ್ಲಿಸಿದ ಹನುಮ

ಬೆಂಗಳೂರಿನ ದೀಪಾಂಜಲಿ ನಗರದ ಮಗ್ಗುಲಲ್ಲೇ, ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲಿರುವ ಗಾಳಿ ಆಂಜನೇಯನನ್ನು 1425ರಲ್ಲಿ ಮಾಧ್ವ ಯತಿ ವ್ಯಾಸರಾಯರು ಪ್ರತಿಷ್ಠಾಪಿಸಿದರೆಂದು ಪ್ರತೀತಿ. ಇಸವಿ ತಾಳೆಯಾಗುವುದಿಲ್ಲ. ವ್ಯಾಸರಾಯರು ಹುಟ್ಟಿದ್ದೇ 1460ರ ಸುಮಾರಿಗೆ, ವೃಂದಾವನಸ್ಥರಾದದ್ದು 1539ರಲ್ಲಿ. ನಾಡಿನುದ್ದಕ್ಕೂ 732 ಹನುಮರನ್ನು ನಿಲ್ಲಿಸಿದರೆಂಬ ಲೆಕ್ಕವೂ ಸಂಪ್ರದಾಯದ್ದೇ. ಇವನ್ನೆಲ್ಲ ಬದಿಗಿಟ್ಟರೂ ಒಂದು ಪ್ರಶ್ನೆ ಉಳಿಯುತ್ತದೆ: ‘ತರ್ಕತಾಂಡವ’ ಬರೆದು ನ್ಯಾಯದರ್ಶನದವರಾದ ನೈಯಾಯಿಕರನ್ನು ಅವರದೇ ಪಟ್ಟುಗಳಿಂದ ಎದುರಿಸಿದ ಪಂಡಿತರಿಗೆ ಕಡಲು ಹಾರಿದ ಕಪಿಯ ಕಥೆ ಹೇಗೆ ಸಮ್ಮತವಾಯಿತು?

ಗ್ರಂಥ ಪಂಡಿತರಿಗೆ, ವಿಗ್ರಹ ಜನಕ್ಕೆ ಎಂದುಬಿಡುವುದು ಸುಲಭ. ಅದು ಸರಿಯಲ್ಲ. ‘ಸಿರಿಕೃಷ್ಣ’ ಅಂಕಿತದಲ್ಲಿ ಕನ್ನಡ ಪದಗಳನ್ನು ಕಟ್ಟಿದವರೂ ಅವರೇ. ಮೇಲಾಗಿ ಮಾಧ್ವ ಮತದಲ್ಲಿ ವಾಯುವೇ ಜೀವೋತ್ತಮ. ಹನುಮ, ಭೀಮ, ಮಧ್ವರು ಅವನ ಮೂರು ಅವತಾರಗಳು. ಹನುಮನನ್ನು ತೆಗೆದುಹಾಕಿದರೆ ಜೀವರಲ್ಲಿ ಮೇಲುಕೀಳಿನ ಕ್ರಮ ಹೇಳುವ ತಾರತಮ್ಯದ ಸಿದ್ಧಾಂತವೇ ಕುಂಟುತ್ತದೆ. ಇನ್ನು ನಂಬಿಕೆಗೆ ವ್ಯಾಸರಾಯರು ಹಾಕಿದ ಕಟ್ಟುಪಾಡು ನೋಡಿ. ಜಗತ್ತು ಸತ್ಯವೆಂದು ಕಣ್ಣು ಹೇಳುವಾಗ ಅದನ್ನು ಮಿಥ್ಯೆಯೆನ್ನಲು ಶ್ರುತಿಯನ್ನು ಎಳೆತರುವಂತಿಲ್ಲ ಎಂಬುದು ಅವರ ‘ನ್ಯಾಯಾಮೃತ’ದ ವಾದಗಳಲ್ಲಿ ಮುಖ್ಯವಾದದ್ದು. ಶ್ರುತಿ ಕಿವಿಗೆ ಬೀಳುವುದೂ ಇಂದ್ರಿಯದಿಂದಲೇ; ತಾನು ನಿಂತ ನೆಲವನ್ನು ಅದು ಅಗೆಯಲಾರದು. ಕಂಡದ್ದರಿಂದ ಕಾಣದ್ದನ್ನು ಊಹಿಸುವ ಅನುಮಾನಕ್ಕೂ ಹೀಗೆಯೇ ಗಡಿಯಿದೆ. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತನಿರಬೇಕೆಂದು ನೈಯಾಯಿಕರು ವಾದಿಸಿದರೆ, ಬರೀ ಅನುಮಾನದಿಂದ ದೇವರು ಸಿದ್ಧಿಸುವುದಿಲ್ಲ, ಶಾಸ್ತ್ರವೊಂದೇ ಅವನನ್ನು ತಿಳಿಸಬಲ್ಲದು ಎಂಬುದು ಮಾಧ್ವರ ನಿಲುವು. ತರ್ಕದ ಕೈ ಎಲ್ಲಿಯವರೆಗೆ ಚಾಚುತ್ತದೆಂದು ಅಳೆದದ್ದೂ ತರ್ಕವೇ.

ಇದೆಲ್ಲ ಮೊದಲೇ ನಂಬಿದ್ದನ್ನು ಕಾಯುವ ಕಾವಲಷ್ಟೇ ಅಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ವೇದ ಅಪೌರುಷೇಯ ಎಂಬುದನ್ನು ವ್ಯಾಸರಾಯರು ಬಿಟ್ಟುಕೊಡುವವರಲ್ಲ. ಆದರೆ ಅವರು ಎದುರಾಳಿಯ ಮಾತನ್ನು ಮೊಟಕು ಮಾಡಲಿಲ್ಲ, ಪೂರ್ವಪಕ್ಷವನ್ನು ಪೂರ್ತಿ ಎತ್ತಿಟ್ಟೇ ಖಂಡಿಸಿದರು. ಅದ್ವೈತಿ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ನ್ಯಾಯಾಮೃತವನ್ನು ಹೆಜ್ಜೆಹೆಜ್ಜೆಗೂ ಹಿಡಿದು ಉತ್ತರಿಸಬೇಕಾಯಿತು, ಅದಕ್ಕೆ ರಾಮಾಚಾರ್ಯರ ‘ತರಂಗಿಣಿ’ ಮರುತ್ತರವಾಯಿತು. ಖಂಡನೆಗೆ ಹೀಗೆ ಮೈಯೊಡ್ಡಿದ ನಂಬಿಕೆಯನ್ನು ಕುರುಡೆಂದು ಕರೆಯಲು ನನಗೆ ಮನಸ್ಸು ಬಾರದು.

ಇದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಜ್ಞಾನಭಾರತಿ, ಬೆಂಗಳೂರು ವಿಶ್ವವಿದ್ಯಾಲಯದ ಆವರಣ. ಆ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಕಣ್ಣೆದುರು ನಡೆಯಿತೆನ್ನುವುದನ್ನು ಕಣ್ಣಿಂದಲೇ ಪರೀಕ್ಷಿಸಬೇಕೆಂಬ ಅವರ ಹಟಕ್ಕೆ ವ್ಯಾಸರಾಯರ ಪ್ರಮಾಣಶಾಸ್ತ್ರದಲ್ಲಿ ಅಡ್ಡಿ ಕಾಣದು. ಕಣ್ಣಿಗೆ ನಿಲುಕದ್ದರ ಬಗ್ಗೆ ಶ್ರುತಿಗೆ ಮಾತಾಡುವ ಹಕ್ಕುಂಟೇ ಎಂಬಲ್ಲಿ ಮಾತ್ರ ಇಬ್ಬರ ದಾರಿ ಕವಲೊಡೆಯುತ್ತದೆ.