ಜರಡಿಗೆ ಸಿಕ್ಕ ನಿರಪರಾಧಿಗಳು

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಸ್ಕಂತಾರ್ಪ್ ಎಂಬ ಉಕ್ಕಿನ ಕಾರ್ಖಾನೆಯ ಪಟ್ಟಣವಿದೆ. 1996ರಲ್ಲಿ ಅಲ್ಲಿನ ಜನ ಅಮೆರಿಕದ ಎಒಎಲ್ ಕಂಪನಿಯ ಅಂತರ್ಜಾಲ ಸೇವೆಗೆ ಹೆಸರು ನೋಂದಾಯಿಸಲು ಹೋದಾಗ ಕಂಪ್ಯೂಟರ್ ಒಪ್ಪಲಿಲ್ಲ. ಕಾರಣ, ಊರಿನ ಹೆಸರಿನೊಳಗೆ ಇಂಗ್ಲಿಷಿನ ಒಂದು ಅಶ್ಲೀಲ ಪದದ ಅಕ್ಷರಗಳು ಅಡಗಿದ್ದವು. ಬೈಗುಳವನ್ನು ಸೋಸಲು ಇಟ್ಟ ಜರಡಿ ಇಡೀ ಊರನ್ನೇ ತಡೆದಿತ್ತು. ನಗೆಪಾಟಲಿನ ಈ ಪ್ರಸಂಗ ತಜ್ಞರ ಮಾತಿನಲ್ಲಿ 'ಸ್ಕಂತಾರ್ಪ್ ಸಮಸ್ಯೆ' ಎಂದೇ ಉಳಿದುಕೊಂಡಿದೆ.

ಜರಡಿ ಬೇಡವೆನ್ನುವಂತಿಲ್ಲ. 'ಕ್ಲೌಡ್' ಎಂದರೆ ನಮ್ಮ ಪತ್ರ, ಚಿತ್ರ, ಕಡತಗಳನ್ನು ಕಂಪನಿಯೊಂದರ ದೂರದ ಕಂಪ್ಯೂಟರುಗಳಲ್ಲಿ ಇಡುವ ಉಗ್ರಾಣ. ಅಲ್ಲಿ ವಂಚಕರೂ ಸೇರಿಕೊಳ್ಳುತ್ತಾರೆ. ಕೋಟ್ಯಂತರ ಕಡತಗಳನ್ನು ಮನುಷ್ಯರೇ ಕುಳಿತು ನೋಡುವುದು ಅಸಾಧ್ಯವಾದ್ದರಿಂದ ಕೆಲಸ ಯಂತ್ರದ ಪಾಲಾಗಿದೆ. ಆದರೆ ಲೆಕ್ಕ ಸರಳ: ಹತ್ತು ಸಾವಿರಕ್ಕೆ ಒಂದೇ ಒಂದು ಬಾರಿ ತಪ್ಪುವ ಯಂತ್ರವೂ ಒಂದು ಕೋಟಿ ಖಾತೆಗಳಲ್ಲಿ ಸಾವಿರ ಮಂದಿಯನ್ನು ವಿನಾಕಾರಣ ತಪ್ಪಿತಸ್ಥರನ್ನಾಗಿಸುತ್ತದೆ.

2017ರ ಅಕ್ಟೋಬರ್ 31ರಂದು ಗೂಗಲ್ ಡಾಕ್ಸ್ ಬಳಸುತ್ತಿದ್ದ ಹಲವರಿಗೆ ತಾವೇ ಬರೆಯುತ್ತಿದ್ದ ಬರಹ ತೆರೆಯದಾಯಿತು. ನಿಯಮಭಂಗವಾಗಿದೆ ಎಂಬ ಸೂಚನೆ ಬಂದಿತು. ಹೊಸದಾಗಿ ಅಳವಡಿಸಿದ ಪ್ರೋಗ್ರಾಂ ದೋಷದಿಂದ ಹೀಗಾಯಿತೆಂದು ಕಂಪನಿ ಒಪ್ಪಿಕೊಂಡು ಸರಿಪಡಿಸಿತು. 2022ರ ಜನವರಿಯಲ್ಲಿ ಗೂಗಲ್ ಡ್ರೈವ್, '1' ಎಂಬ ಅಂಕಿಯೊಂದನ್ನು ಬಿಟ್ಟು ಬೇರೇನೂ ಇಲ್ಲದ ಕಡತವನ್ನು ಕೃತಿಸ್ವಾಮ್ಯದ ಉಲ್ಲಂಘನೆ ಎಂದಿತು!

ಇವು ನಕ್ಕು ಮರೆಯಬಹುದಾದ ತಪ್ಪುಗಳು. ಮರೆಯಲಾಗದ್ದೂ ಒಂದುಂಟು. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ಪತ್ತೆಮಾಡಲು ಮೈಕ್ರೋಸಾಫ್ಟ್ ಮತ್ತು ಪ್ರಾಧ್ಯಾಪಕ ಹ್ಯಾನಿ ಫರೀದ್ 2009ರಲ್ಲಿ 'ಫೋಟೋಡಿಎನ್‌ಎ' ರೂಪಿಸಿದರು. ಅದು ಮೊದಲೇ ಗೊತ್ತಿರುವ ಚಿತ್ರಗಳನ್ನು ಮಾತ್ರ ಹೋಲಿಸಿ ನೋಡುತ್ತದೆ. 2018ರಲ್ಲಿ ಗೂಗಲ್, ಹಿಂದೆಂದೂ ಕಾಣದ ಚಿತ್ರಗಳನ್ನೂ ಊಹಿಸಿ ಗುರುತಿಸುವ ಕೃತಕ ಬುದ್ಧಿಮತ್ತೆಯ ಸಾಧನವನ್ನು ಹೊರತಂದಿತು. 2021ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ತಂದೆಯೊಬ್ಬ, ವೈದ್ಯರಿಗೆ ತೋರಿಸಲೆಂದು ಎಳೆಯ ಮಗನ ತೊಡೆಸಂದಿಯ ಬಾವಿನ ಚಿತ್ರ ತೆಗೆದ. ಫೋನು ಅದನ್ನು ತಾನಾಗಿ ಗೂಗಲ್ ಉಗ್ರಾಣಕ್ಕೆ ಸೇರಿಸಿತು. ಎರಡು ದಿನಗಳಲ್ಲಿ ಖಾತೆ ಬಂದ್. ಹತ್ತು ವರ್ಷಕ್ಕೂ ಮಿಕ್ಕ ಪತ್ರ, ಚಿತ್ರಗಳ ಜೊತೆಗೆ ಫೋನ್ ನಂಬರೂ ಹೋಯಿತು. ಪೊಲೀಸರು ತನಿಖೆ ನಡೆಸಿ ಅಪರಾಧವೇ ನಡೆದಿಲ್ಲವೆಂದರು. ಕಂಪನಿ ಮಾತ್ರ ಖಾತೆಯನ್ನು ಮರಳಿ ಕೊಡಲಿಲ್ಲ. 2022ರ ಆಗಸ್ಟ್‌ನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಇದನ್ನು ಬಯಲಿಗೆ ತಂದಿತು.

ಸ್ಕಂತಾರ್ಪ್‌ನವರು ಕಳೆದುಕೊಂಡದ್ದು ಇನ್ನೂ ತೆರೆಯದ ಖಾತೆಯನ್ನು. ಈ ತಂದೆ ಕಳೆದುಕೊಂಡದ್ದು ಕೂಡಿಟ್ಟ ನೆನಪುಗಳನ್ನು. ಕಾಲು ಶತಮಾನದಲ್ಲಿ ತಪ್ಪಿನ ಸ್ವರೂಪಕ್ಕಿಂತ ಶಿಕ್ಷೆಯ ಭಾರ ಬೆಳೆದಿದೆ. ಅದಕ್ಕೆ ತಕ್ಕಂತೆ ಬೆಳೆಯದಿರುವುದು ಅಹವಾಲು ಕೇಳುವ ವ್ಯವಸ್ಥೆ. 2024ರ ಫೆಬ್ರವರಿಯಿಂದ ಪೂರ್ಣವಾಗಿ ಜಾರಿಯಾದ ಯುರೋಪ್ ಒಕ್ಕೂಟದ ಕಾಯ್ದೆ, ಖಾತೆ ತಡೆದರೆ ಕಾರಣ ತಿಳಿಸಬೇಕು, ಯಂತ್ರ ಬಳಸಿದ್ದರೆ ಅದನ್ನೂ ಹೇಳಬೇಕು ಎನ್ನುತ್ತದೆ. ಭಾರತದಲ್ಲಿ 2023ರಿಂದ, ಕಂಪನಿಯ ದೂರು ಅಧಿಕಾರಿಯ ಉತ್ತರ ಒಪ್ಪಿಗೆಯಾಗದವರು 30 ದಿನಗಳೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಯ ಕದ ತಟ್ಟಬಹುದು. ಕದ ತಟ್ಟುವ ಪ್ರಸಂಗ ಯಾರಿಗೆ ಯಾವಾಗ ಬಂದೀತೋ ಹೇಳಲಾಗದು. ಮುಖ್ಯ ಕಾಗದಪತ್ರ, ಚಿತ್ರಗಳ ಒಂದು ಪ್ರತಿಯನ್ನು ಮನೆಯ ಬೀರುವಿನಲ್ಲಿಯೂ ಇಟ್ಟುಕೊಳ್ಳುವುದು ಜಾಣತನ.